ಸಕ್ಕರೆ ಕಾಯಿಲೆ ಇರುವವರಲ್ಲಿ ಕಿಡ್ನಿ ತೊಂದರೆ ನಿಜಕ್ಕೂ ಎಷ್ಟು ಜನಕ್ಕೆ? ಅಮ್ಮನ ರಿಪೋರ್ಟ್ ನೋಡಿ ಕೇಳುತ್ತಿದ್ದೇನೆ

ಹೊಂಗಿರಣ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 65 ವರ್ಷ. ಟೈಪ್ 2 ಸಕ್ಕರೆ ಕಾಯಿಲೆ ಬಂದು 14 ವರ್ಷವಾಯಿತು. ಇಷ್ಟು ವರ್ಷದಲ್ಲಿ ಅವರು ಒಂದು ಹೊತ್ತಿನ ಮಾತ್ರೆ ತಪ್ಪಿಸಿದ್ದನ್ನು ನಾನು ಕಂಡಿಲ್ಲ. ಕೊನೆಯ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 6.9. ವರ್ಷಕ್ಕೊಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) ಎಷ್ಟಿದೆ ಎಂದು ನೋಡುತ್ತಿದ್ದರು. 1.0, 1.1 ಹೀಗೆ ಬರುತ್ತಿತ್ತು. "ಕಿಡ್ನಿ ಚೆನ್ನಾಗಿದೆ" ಅನ್ನುತ್ತಿದ್ದರು, ನಾವು ನೆಮ್ಮದಿಯಾಗಿ ಮನೆಗೆ ಬರುತ್ತಿದ್ದೆವು.

ಈ ಸಲ ಬೇರೆ ಡಾಕ್ಟರ ಹತ್ತಿರ ಹೋದೆವು. ಅವರು ಹಳೆಯ ಫೈಲನ್ನೆಲ್ಲ ತಿರುವಿ ಹಾಕಿ, "ಮೂತ್ರದ ಎಸಿಆರ್ ಯಾವಾಗ ಮಾಡಿಸಿದ್ದೀರಿ?" ಎಂದು ಕೇಳಿದರು. ಅಂಥ ಪರೀಕ್ಷೆಯ ಹೆಸರನ್ನೇ ನಾವು ಕೇಳಿರಲಿಲ್ಲ. ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರದಲ್ಲಿ ಎಷ್ಟು ಸೋರುತ್ತಿದೆ ಎಂದು ನೋಡುವ ಪರೀಕ್ಷೆಯಂತೆ. ಮಾಡಿಸಿದೆವು, 112 ಬಂತು. ಕ್ರಿಯಾಟಿನಿನ್ ಎಂದಿನಂತೆ 1.1 ಇತ್ತು. ಆದರೆ ಅದರ ಪಕ್ಕದಲ್ಲಿ ಅವರು ಪೆನ್ನಿನಲ್ಲಿ "ಇಜಿಎಫ್‌ಆರ್ 56" ಎಂದು ಬರೆದು ಸುತ್ತು ಹಾಕಿದರು. ಅದು ಕಿಡ್ನಿ ರಕ್ತ ಸೋಸುವ ವೇಗದ ಅಂದಾಜಂತೆ. ಕಿಡ್ನಿ ಕಾಯಿಲೆ ಶುರುವಾಗಿರುವ ಹಾಗಿದೆ, ಇನ್ನೆರಡು ಸಲ ಮೂತ್ರ ನೋಡಿ ಖಚಿತ ಮಾಡೋಣ ಅಂದರು.

ಅಮ್ಮ ಆವತ್ತಿನಿಂದ ಸರಿಯಾಗಿ ಮಾತಾಡುತ್ತಿಲ್ಲ. "ನಾನೇನು ತಪ್ಪು ಮಾಡಿದೆ?" ಅಂತ ಒಂದೇ ಮಾತು. ನನಗೆ ತಿಳಿಯಬೇಕಾದ್ದು ಇಷ್ಟು: ಇದು ಅಪರೂಪಕ್ಕೆ ಒಬ್ಬರಿಗೆ ಆಗುವಂಥದ್ದೋ, ಬಹಳ ಜನಕ್ಕೆ ಆಗುವಂಥದ್ದೋ? ಬಹಳ ಜನಕ್ಕೆ ಆಗುವುದಾದರೆ 14 ವರ್ಷ ಯಾರೂ ಯಾಕೆ ಹೇಳಲಿಲ್ಲ? ಇಲ್ಲಿಂದ ಮುಂದೆ ಡಯಾಲಿಸಿಸ್ಸೇ ಗತಿಯಾ?

ಅಂಕಿನೋಟ

ಮೇಡಂ, ಮೊದಲ ಪ್ರಶ್ನೆಗೆ ನೇರ ಉತ್ತರ: ಬಹಳ ಜನಕ್ಕೆ ಆಗುವಂಥದ್ದು. ಸಕ್ಕರೆ ಕಾಯಿಲೆ ಇರುವ ವಯಸ್ಕರನ್ನು ಯಾವುದೇ ಒಂದು ದಿನ ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಿಡ್ನಿ ಕಾಯಿಲೆ ಸಿಗುತ್ತದೆ. ಜೀವಮಾನದ ಲೆಕ್ಕ ಹಿಡಿದರೆ ಟೈಪ್ 1 ಇರುವವರಲ್ಲಿ ಶೇ. 30ರಷ್ಟು, ಟೈಪ್ 2 ಇರುವವರಲ್ಲಿ ಶೇ. 40ರಷ್ಟು ಜನ ಒಂದಲ್ಲ ಒಂದು ಹಂತದಲ್ಲಿ ಇದಕ್ಕೆ ಬರುತ್ತಾರೆ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ನಿಮ್ಮ ತಾಯಿ ನೂರಕ್ಕೆ ಆ ನಲವತ್ತು ಜನರಲ್ಲಿ ಒಬ್ಬರು. ಅವರು ತಪ್ಪು ಮಾಡಿಲ್ಲ, ದಯವಿಟ್ಟು ಇದನ್ನು ಮೊದಲು ಅವರಿಗೆ ಓದಿ ಹೇಳಿ.

ನಾನು ಆರೋಗ್ಯದ ಅಂಕಿಅಂಶಗಳ ಕೆಲಸ ಮಾಡುವವನು, ಅದಕ್ಕೇ ಇನ್ನೊಂದಿಷ್ಟು ಬರೆಯುತ್ತೇನೆ. ಒಂದು ಕಡೆ ಶೇ. 20, ಇನ್ನೊಂದು ಕಡೆ ಶೇ. 40 ಅಂತ ಓದಿದಾಗ ಯಾವುದೋ ಒಂದು ಸುಳ್ಳಿರಬೇಕು ಅನ್ನಿಸುತ್ತದೆ. ಹಾಗಲ್ಲ. ಯಾರನ್ನು ಎಣಿಸಿದರು, ಏನನ್ನು ಅಳೆದರು ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ. ರಕ್ತ ಮಾತ್ರ ನೋಡಿದರೆ ಒಂದು ಸಂಖ್ಯೆ, ಮೂತ್ರ ಮಾತ್ರ ನೋಡಿದರೆ ಇನ್ನೊಂದು, ಎರಡನ್ನೂ ನೋಡಿದರೆ ಇವೆರಡಕ್ಕಿಂತ ದೊಡ್ಡದು. ಆಸ್ಪತ್ರೆಗೆ ಬಂದವರನ್ನು ಎಣಿಸಿದರೆ ಹೆಚ್ಚು ಬರುತ್ತದೆ, ಮನೆ ಮನೆಗೆ ಹೋಗಿ ಎಣಿಸಿದರೆ ಕಡಿಮೆ. ಒಂದೇ ಸಲ ಅಳೆದು ನಿಲ್ಲಿಸಿದರೆ ಜ್ವರವೋ ಮೂತ್ರದ ಸೋಂಕೋ ಇದ್ದವರೂ ಲೆಕ್ಕಕ್ಕೆ ಸೇರಿಬಿಡುತ್ತಾರೆ. ಮೂರು ತಿಂಗಳು ಬಿಟ್ಟು ಮತ್ತೆ ಅಳೆದರೆ ಒಂದಷ್ಟು ಜನ ಕಳಚಿಕೊಳ್ಳುತ್ತಾರೆ.

ಬ್ರಿಟನ್ನಿನಲ್ಲಿ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನ ನಡೆದಿತ್ತು. ಟೈಪ್ 2 ಆಗಷ್ಟೇ ಪತ್ತೆಯಾದ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಹತ್ತು ವರ್ಷ ತುಂಬುವಾಗ ಸುಮಾರು ಶೇ. 25ರಷ್ಟು ಜನರ ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿತ್ತು. ಶೇ. 5ರಷ್ಟು ಜನಕ್ಕೆ ಸೋರಿಕೆ ಜೋರಾಗಿತ್ತು. ಕ್ರಿಯಾಟಿನಿನ್ ಗಣನೀಯವಾಗಿ ಏರಿದವರು ಅಥವಾ ಡಯಾಲಿಸಿಸ್ ಮುಟ್ಟಿದವರು ಶೇ. 1ಕ್ಕೂ ಕಡಿಮೆ. ಈ ಮೂರು ಸಂಖ್ಯೆಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿ. ಕಾಯಿಲೆ ಶುರುವಾಗುವುದು ಬಹಳ ಸಾಮಾನ್ಯ. ಅಲ್ಲಿಂದ ಕೊನೆಯ ಹಂತಕ್ಕೆ ಹೋಗುವವರು, ಅದೂ ಹತ್ತು ವರ್ಷದೊಳಗೆ, ಬಹಳ ಕಡಿಮೆ.

ಯಾರೂ ಯಾಕೆ ಹೇಳಲಿಲ್ಲ ಅನ್ನುವುದಕ್ಕೆ ಉತ್ತರ ನಿಮ್ಮ ಪೋಸ್ಟಿನಲ್ಲೇ ಇದೆ. ಮೂತ್ರ ನೋಡಿರಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಲೆಕ್ಕದಲ್ಲಿ ಅಲ್ಲಿ ಕಿಡ್ನಿ ಕಾಯಿಲೆ ಇರುವ ವಯಸ್ಕರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ತಮಗೆ ಅದು ಇದೆ ಅನ್ನುವುದೇ ಗೊತ್ತಿಲ್ಲ.

ಡಬ್ಬಿ ಲೇಬಲ್

ನಾನು ಲ್ಯಾಬ್ ಟೆಕ್ನಿಷಿಯನ್. ಕ್ರಿಯಾಟಿನಿನ್ "ನಾರ್ಮಲ್" ಎಂದು ಅಚ್ಚಾದ ರಿಪೋರ್ಟನ್ನು ದಿನಾ ನನ್ನ ಕೈಯಿಂದಲೇ ಕೊಡುತ್ತೇನೆ, ಹಾಗಾಗಿ ಇದರ ಬಗ್ಗೆ ಹೇಳದೆ ಇರಲಾರೆ.

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಮೈಯಲ್ಲಿ ಸ್ನಾಯು ಹೆಚ್ಚಿದ್ದರೆ ಹೆಚ್ಚು ಹುಟ್ಟುತ್ತದೆ, ಕಡಿಮೆ ಇದ್ದರೆ ಕಡಿಮೆ. 30 ವರ್ಷದ ಗಂಡಸಿಗೆ 1.1 ಬಂತು ಅಂದುಕೊಳ್ಳಿ. ಈಗ ಬಳಕೆಯಲ್ಲಿರುವ 2021ರ ಸೂತ್ರಕ್ಕೆ ಹಾಕಿದರೆ ಅವನ ಇಜಿಎಫ್‌ಆರ್ 93ರ ಹತ್ತಿರ. ಅದೇ 1.1 ನಿಮ್ಮ ತಾಯಿಗೆ, 65 ವರ್ಷದ ಹೆಂಗಸಿಗೆ, 56. ಕಾಗದದ ಮೇಲೆ ಒಂದೇ ಅಂಕಿ, ಒಳಗೆ ಎರಡು ಬೇರೆ ಬೇರೆ ಕಿಡ್ನಿ. ರಿಪೋರ್ಟಿನ ಬಲಗಡೆ ಅಚ್ಚಾಗಿರುವ "ಸಾಮಾನ್ಯ ಮಿತಿ"ಗೆ ವಯಸ್ಸು ಗೊತ್ತಿಲ್ಲ, ಎಷ್ಟೋ ಕಡೆ ಹೆಣ್ಣೋ ಗಂಡೋ ಎಂಬುದೂ ಗೊತ್ತಿಲ್ಲ. ಅದಲ್ಲದೆ ಕಿಡ್ನಿಯ ಶಕ್ತಿ ಹೆಚ್ಚುಕಡಿಮೆ ಅರ್ಧ ಇಳಿಯುವವರೆಗೂ ಕ್ರಿಯಾಟಿನಿನ್ ಆ ಮಿತಿಯೊಳಗೇ ಕೂತಿರಬಹುದು.

ಇನ್ನೊಂದು ವಿಷಯ, ಇದರಿಂದ ಮೋಸ ಹೋಗುವವರು ಬಹಳ. ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ "ಆಲ್ಬುಮಿನ್: ಇಲ್ಲ" ಎಂದು ಬಂದಿರುತ್ತದೆ. "ಮೂತ್ರ ನೋಡಿಸಿದ್ದೇವಲ್ಲ" ಅನ್ನುತ್ತಾರೆ. ಅದು ಬಣ್ಣದ ಪಟ್ಟಿ ಅದ್ದಿ ನೋಡುವ ಪರೀಕ್ಷೆ. ಸೋರಿಕೆ ಜೋರಾದ ಮೇಲಷ್ಟೇ ಅದಕ್ಕೆ ಬಣ್ಣ ಏರುವುದು. ಶುರುವಿನ ಸಣ್ಣ ಸೋರಿಕೆಗೆ ಎಸಿಆರ್ ಎಂದೇ ಬರೆಸಬೇಕು. ಆಲ್ಬುಮಿನ್ ಎಷ್ಟು, ಕ್ರಿಯಾಟಿನಿನ್ ಎಷ್ಟು ಎಂದು ಮೂತ್ರದಲ್ಲೇ ಅಳೆದು ಅನುಪಾತ ತೆಗೆಯುತ್ತೇವೆ. ನೀರು ಹೆಚ್ಚು ಕುಡಿದು ಮೂತ್ರ ತೆಳುವಾಗಿದ್ದರೂ ಅನುಪಾತ ಕೆಡುವುದಿಲ್ಲ. 30ರ ಒಳಗಿದ್ದರೆ ಸರಿ, 30ರಿಂದ 300 ಮಧ್ಯಮ, 300 ದಾಟಿದರೆ ತೀವ್ರ. ಇದು ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಇಷ್ಟು ಮಿಲಿಗ್ರಾಂ ಆಲ್ಬುಮಿನ್ ಎಂಬ ಲೆಕ್ಕ. ಕೆಲವು ದೇಶಗಳ ರಿಪೋರ್ಟಿನಲ್ಲಿ 3 ಮತ್ತು 30 ಎಂದು ಗೆರೆ ಇರುತ್ತದೆ. ಅಲ್ಲಿ ಅಳತೆಯ ಮಾನ ಬೇರೆ, ನೋಡಿ ಗಾಬರಿಯಾಗಬೇಡಿ.

ನಿಮ್ಮ ಡಾಕ್ಟರು ಇನ್ನೆರಡು ಸಲ ನೋಡೋಣ ಅಂದದ್ದು ಸರಿಯಾದ ಮಾತು. ಈ ಅಂಕಿ ದಿನದಿಂದ ದಿನಕ್ಕೆ ಬಹಳ ಹಾರಾಡುತ್ತದೆ. ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ನೋಡಿ, ಅದರಲ್ಲಿ ಎರಡಾದರೂ 30 ದಾಟಿದ್ದರೆ ಮಾತ್ರ ಲೆಕ್ಕ. ಬೆಳಗ್ಗೆ ಎದ್ದ ಕೂಡಲೇ ಹೋಗುವ ಮೊದಲ ಮೂತ್ರವನ್ನು ಕೊಡಿಸಿ. ಹಿಂದಿನ ದಿನ ಮೈಮುರಿಯುವ ವ್ಯಾಯಾಮ ಬೇಡ. ಜ್ವರ, ಮೂತ್ರದ ಉರಿ, ಮುಟ್ಟು, ಶುಗರ್ ಬಹಳ ಏರಿರುವ ವಾರ, ಇಂಥ ಸಮಯದಲ್ಲಿ ಕೊಟ್ಟರೆ ಅಂಕಿ ಸುಳ್ಳೇ ಏರುತ್ತದೆ.

26 ವರ್ಷ ಇನ್ಸುಲಿನ್

ಹೊಂಗಿರಣ ಅವರೇ, ನಾನು ಟೈಪ್ 1. ಹನ್ನೊಂದನೇ ವಯಸ್ಸಿನಿಂದ ಸೂಜಿ. ಕಾಯಿಲೆ ಬಂದು ಹನ್ನೆರಡನೇ ವರ್ಷದಲ್ಲಿ ನನ್ನ ಎಸಿಆರ್ 140 ಬಂದಿತ್ತು. ಆಗ ನನಗೆ 23 ವರ್ಷ. ಆ ರಾತ್ರಿ ಡಯಾಲಿಸಿಸ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ, ಬೆಳಗಾಗುವಷ್ಟರಲ್ಲಿ ನನ್ನ ಬದುಕೇ ಮುಗಿಯಿತು ಅಂದುಕೊಂಡಿದ್ದೆ.

ಈಗ ನನಗೆ 37. ಎಸಿಆರ್ 20ರ ಆಸುಪಾಸಿನಲ್ಲಿದೆ. ಇಳಿಯಿತು, ಇಳಿದದ್ದು ಹಾಗೇ ನಿಂತಿತು. ನನ್ನದು ಪವಾಡ ಅಂದುಕೊಂಡಿದ್ದೆ, ಆಮೇಲೆ ಡಾಕ್ಟರು ಒಂದು ಅಧ್ಯಯನ ತೋರಿಸಿದರು. 2003ರಲ್ಲಿ ಪ್ರಕಟವಾದದ್ದು. ಟೈಪ್ 1 ಇದ್ದು ಸಣ್ಣ ಸೋರಿಕೆ ಶುರುವಾದ 386 ಜನರನ್ನು ಹಿಂಬಾಲಿಸಿದ್ದರು. ಆರು ವರ್ಷದಲ್ಲಿ ಶೇ. 58ರಷ್ಟು ಜನರಲ್ಲಿ ಸೋರಿಕೆ ಗಮನಾರ್ಹವಾಗಿ ಇಳಿದಿತ್ತು. ಅಲ್ಲಿಯವರೆಗೆ, ಒಮ್ಮೆ ಸೋರಿಕೆ ಶುರುವಾದರೆ ಮುಂದಿನದು ಜಾರುಬಂಡೆ ಎಂದೇ ಬಹಳ ಜನ ನಂಬಿದ್ದರು. ಬೇಗ ಗೊತ್ತಾದವರು, ಶುಗರ್, ಬಿ.ಪಿ., ಕೊಬ್ಬು ಹತೋಟಿಯಲ್ಲಿದ್ದವರು ಹೆಚ್ಚಾಗಿ ಇಳಿದ ಗುಂಪಿನಲ್ಲಿದ್ದರು.

ಟೈಪ್ 1 ಇರುವ ಮಕ್ಕಳ ತಂದೆತಾಯಿ ಇಲ್ಲಿ ಇದ್ದರೆ ಒಂದು ಮಾತು. ಟೈಪ್ 1ರಲ್ಲಿ ಕಾಯಿಲೆ ಶುರುವಾದ ದಿನ ಗೊತ್ತಿರುತ್ತದೆ, ಆದ್ದರಿಂದ ಐದು ವರ್ಷ ಕಳೆದ ಮೇಲೆ ಪ್ರತಿ ವರ್ಷ ಈ ಪರೀಕ್ಷೆ. ಟೈಪ್ 2 ಹಾಗಲ್ಲ, ಪತ್ತೆಯಾಗುವ ಎಷ್ಟೋ ವರ್ಷ ಮೊದಲೇ ಒಳಗೆ ಇದ್ದಿರಬಹುದು. ಅದಕ್ಕೇ ಅವರಿಗೆ ಪತ್ತೆಯಾದ ದಿನವೇ ಮೊದಲ ಪರೀಕ್ಷೆ.

ಸಂಜೆ ನಡಿಗೆ

ಎಲ್ಲರ ಕ್ಷಮೆ ಕೋರಿ ಬೇರೆ ಮಾತು ಹೇಳುತ್ತೇನೆ. ನನಗೆ 72. ಶುಗರ್ ಇದೆ, ಇಜಿಎಫ್‌ಆರ್ 54. ಆರು ವರ್ಷದಿಂದ 54, 55, 53 ಹೀಗೇ ಇದೆ. ವಯಸ್ಸಾದರೆ ಕಣ್ಣು ಮಂಜಾಗುತ್ತದೆ, ಕಿವಿ ಮಂದವಾಗುತ್ತದೆ, ಕಿಡ್ನಿಯೂ ಒಂದಿಷ್ಟು ನಿಧಾನವಾಗುತ್ತದೆ. 60 ಎಂದು ಒಂದು ಗೆರೆ ಎಳೆದು, ಅದರ ಕೆಳಗೆ ಬಂದ ಮುದುಕರಿಗೆಲ್ಲ "ಕಾಯಿಲೆ" ಎಂದು ಹಣೆಪಟ್ಟಿ ಕಟ್ಟಿದರೆ ಮೂವರಲ್ಲಿ ಒಬ್ಬರು ಬಾರದೆ ಇನ್ನೇನು? ಈ ಹಣೆಪಟ್ಟಿಯಿಂದ ನಾನು ಎರಡು ವರ್ಷ ನಿದ್ದೆಗೆಟ್ಟಿದ್ದೇನೆ. ಆ ತಾಯಿಗೂ ಅದೇ ಆಗುವುದು ಬೇಡ.

ಅಂಕಿನೋಟ

ಸರ್, ನಿಮ್ಮ ಮಾತಿನಲ್ಲಿ ಹುರುಳಿದೆ. ಕಿಡ್ನಿ ತಜ್ಞರಲ್ಲೇ ಈ ಬಗ್ಗೆ ವರ್ಷಗಳಿಂದ ವಾದ ನಡೆದಿದೆ. ನಲವತ್ತು ದಾಟಿದ ಮೇಲೆ ವರ್ಷಕ್ಕೆ ಸರಾಸರಿ 1ರಷ್ಟು ಇಳಿಯುವುದು ಸಹಜ. 72ಕ್ಕೆ 54, ಆರು ವರ್ಷ ಕದಲದೆ ನಿಂತಿದೆ, ಮೂತ್ರದಲ್ಲೂ ಆಲ್ಬುಮಿನ್ ಇಲ್ಲ ಅಂದರೆ ಅಪಾಯ ಅಷ್ಟು ದೊಡ್ಡದಲ್ಲ. ನಿಮ್ಮ ಎಸಿಆರ್ ಎಷ್ಟಿದೆ?

ಇದನ್ನು ಕೇಳುವುದಕ್ಕೆ ಕಾರಣ ಇದೆ. ಕೆಡಿಗೋ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಒಂದು ಬಣ್ಣದ ಕೋಷ್ಟಕವಿದೆ. ಒಂದು ಬದಿಗೆ ಇಜಿಎಫ್‌ಆರ್, ಇನ್ನೊಂದು ಬದಿಗೆ ಎಸಿಆರ್. ಇಜಿಎಫ್‌ಆರ್ 45ರಿಂದ 59ರ ನಡುವೆ ಇದ್ದು ಎಸಿಆರ್ 30ರ ಒಳಗಿದ್ದರೆ ಹಳದಿ. ಅದೇ ಇಜಿಎಫ್‌ಆರ್, ಎಸಿಆರ್ 30 ದಾಟಿದರೆ ಕಿತ್ತಳೆ. 300 ದಾಟಿದರೆ ಕೆಂಪು. ಈಗಿನ ಅಂಕಿಗಳು ಖಚಿತವಾದರೆ ಹೊಂಗಿರಣ ಅವರ ತಾಯಿ ಕಿತ್ತಳೆಯಲ್ಲಿದ್ದಾರೆ. ನೀವು ಬಹುಶಃ ಹಳದಿಯಲ್ಲಿ. ಇಬ್ಬರದೂ ಐವತ್ತರ ಆಸುಪಾಸಿನ ಇಜಿಎಫ್‌ಆರ್, ಇಬ್ಬರ ದಾರಿ ಬೇರೆ.

ಇನ್ನೊಂದು. ಈ "ಮೂವರಲ್ಲಿ ಒಬ್ಬರು" ಎಂಬುದರ ಒಳಗಿನ ಚಿತ್ರ ಕಾಲ ಕಳೆದಂತೆ ಬದಲಾಗಿದೆ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ 1988–94ರಲ್ಲಿ ಸಕ್ಕರೆ ಕಾಯಿಲೆ ಇದ್ದವರಲ್ಲಿ ಶೇ. 28.4ರಷ್ಟು ಜನಕ್ಕೆ ಕಿಡ್ನಿ ತೊಂದರೆ ಇತ್ತು. 2009–14ರಲ್ಲಿ ಶೇ. 26.2. ಮೇಲುನೋಟಕ್ಕೆ ದೊಡ್ಡ ವ್ಯತ್ಯಾಸವಿಲ್ಲ. ಆದರೆ ಒಳಗೆ ನೋಡಿ: ಆಲ್ಬುಮಿನ್ ಸೋರುವವರು ಶೇ. 20.8ರಿಂದ 15.9ಕ್ಕೆ ಇಳಿದರು, ಇಜಿಎಫ್‌ಆರ್ 60ಕ್ಕಿಂತ ಕಡಿಮೆ ಇರುವವರು ಶೇ. 9.2ರಿಂದ 14.1ಕ್ಕೆ ಏರಿದರು. ಮೂತ್ರದಲ್ಲಿ ಆಲ್ಬುಮಿನ್ ಸೋರದೆಯೇ ಕಿಡ್ನಿಯ ಶಕ್ತಿ ಕುಗ್ಗುವವರ ಸಂಖ್ಯೆ ಹೆಚ್ಚುತ್ತಿದೆ. ಮೇಲೆ ಹೇಳಿದ ಬ್ರಿಟನ್ ಅಧ್ಯಯನದಲ್ಲೂ ಹಾಗೇ, ಕಿಡ್ನಿಯ ಶಕ್ತಿ ಕುಂದಿದವರಲ್ಲಿ ಅರ್ಧದಷ್ಟು ಜನಕ್ಕೆ ಅದಕ್ಕೂ ಮೊದಲು ಮೂತ್ರದಲ್ಲಿ ಆಲ್ಬುಮಿನ್ ಕಂಡಿರಲೇ ಇಲ್ಲ. ಅದಕ್ಕೇ ಒಂದೇ ಪರೀಕ್ಷೆ ಸಾಲದು, ರಕ್ತವೂ ಬೇಕು, ಮೂತ್ರವೂ ಬೇಕು ಎಂದು ನಾನು ಹಟ ಹಿಡಿಯುವುದು.

ಸಂಜೆ ನಡಿಗೆ

ಎಸಿಆರ್ ಮಾಡಿಸಿದ ನೆನಪಿಲ್ಲ. ನೋಡಿ ಹೇಳುತ್ತೇನೆ.

ರಾತ್ರಿ ಪಾಳಿ

ನಾನು ಡಯಾಲಿಸಿಸ್ ಘಟಕದಲ್ಲಿ ನರ್ಸ್, ಹದಿನೇಳು ವರ್ಷ. ಇಲ್ಲಿಗೆ ಬರುವವರಲ್ಲಿ ಸಕ್ಕರೆ ಕಾಯಿಲೆಯವರೇ ಹೆಚ್ಚು. ಹೆಚ್ಚಿನ ದೇಶಗಳಲ್ಲಿ ಕಿಡ್ನಿ ಸೋಲಲು ಮೊದಲ ಕಾರಣವೇ ಇದು. ಆದರೆ ನಾನು ನೋಡುವುದು ಕೊನೆಯ ಮೆಟ್ಟಿಲಿಗೆ ಬಂದವರನ್ನು ಮಾತ್ರ. ಮೇಲಿನ ಮೆಟ್ಟಿಲುಗಳಲ್ಲಿ ಇದರ ಎಷ್ಟೋ ಪಟ್ಟು ಜನ ಇದ್ದಾರೆ ಎಂಬುದನ್ನು ಈ ಕೊಠಡಿಯಲ್ಲಿ ನಿಂತು ನನಗೇ ನೆನಪಿಟ್ಟುಕೊಳ್ಳುವುದು ಕಷ್ಟ.

ಮೊದಲ ದಿನ ಬಂದು ಮಂಚದ ಮೇಲೆ ಮಲಗಿದವರು ಹೇಳುವ ಮಾತು ಒಂದೇ ಥರ ಇರುತ್ತದೆ. "ನನಗೆ ನೋವೇ ಇರಲಿಲ್ಲ ಸಿಸ್ಟರ್." ನೋವಿರುವುದಿಲ್ಲ. ಮೂತ್ರ ಚೆನ್ನಾಗಿಯೇ ಹೋಗುತ್ತಿರುತ್ತದೆ. ಕಾಲು ಊತ, ವಾಕರಿಕೆ, ಮೈ ತುರಿಕೆ, ಉಸಿರು ಕಟ್ಟುವುದು, ಇವೆಲ್ಲ ಬಹಳ ತಡವಾಗಿ ಬರುವಂಥವು. ಮೂತ್ರದಲ್ಲಿ ನೊರೆ ಸ್ವಲ್ಪ ಮೊದಲೇ ಕಾಣಬಹುದು, ಅದೂ ಸೋರಿಕೆ ಜೋರಾದ ಮೇಲೆ.

ಇನ್ನೊಂದು ಸಂಗತಿ ಇದೆ, ಅದು ನನ್ನನ್ನು ಬಹಳ ಕಾಡುತ್ತದೆ. ಎಷ್ಟೋ ಜನ ಹೇಳುತ್ತಾರೆ, "ಆರು ತಿಂಗಳಿಂದ ಶುಗರ್ ತಾನಾಗಿಯೇ ಇಳಿದಿತ್ತು, ಇನ್ಸುಲಿನ್ ಅರ್ಧಕ್ಕೆ ಇಳಿಸಿದ್ದೆವು, ಕಾಯಿಲೆ ವಾಸಿಯಾಗ್ತಾ ಇದೆ ಅಂತ ಖುಷಿಯಾಗಿದ್ದೆವು." ಇನ್ಸುಲಿನ್ನನ್ನು ಮೈಯಿಂದ ಹೊರಹಾಕುವುದರಲ್ಲಿ ಕಿಡ್ನಿಗೆ ದೊಡ್ಡ ಪಾಲಿದೆ. ಕಿಡ್ನಿ ಸೋತರೆ ಇನ್ಸುಲಿನ್ ಮೈಯಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ, ಶುಗರ್ ಇಳಿಯುತ್ತದೆ. ರಕ್ತ ಕಡಿಮೆಯಾಗಿರುವುದರಿಂದ ಎಚ್‌ಬಿಎ1ಸಿ ಕೂಡ ನಂಬುವಂತಿರುವುದಿಲ್ಲ. ಕಾರಣವಿಲ್ಲದೆ ಶುಗರ್ ಇಳಿಯತೊಡಗಿದರೆ, ಪದೇ ಪದೇ ಲೋ ಆಗತೊಡಗಿದರೆ, ಮೊದಲು ಕಿಡ್ನಿ ನೋಡಿಸಿ.

ಮಂಡಿ ನೋವಿಗೆ ದಿನಾ ನುಂಗುವ ನೋವಿನ ಮಾತ್ರೆ, ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದವು, ಇವುಗಳ ಬಗ್ಗೆ ಅಮ್ಮನನ್ನು ಕೇಳಿದ್ದೀರಾ? ಮಾತ್ರೆಗಳ ಪಟ್ಟಿ ಹೇಳಿ ಅಂದರೆ ಯಾರೂ ಇದನ್ನು ಸೇರಿಸಿ ಹೇಳುವುದಿಲ್ಲ.

ಹೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ಹೇಳಬೇಕು. ಕಿಡ್ನಿ ಕಾಯಿಲೆ ಇರುವ ಸಕ್ಕರೆ ರೋಗಿಗಳಲ್ಲಿ ಹೆಚ್ಚಿನವರು ನಮ್ಮ ಘಟಕದವರೆಗೆ ಬರುವುದೇ ಇಲ್ಲ. ಅದಕ್ಕೂ ಮೊದಲೇ ಹೃದಯಾಘಾತ, ಪಾರ್ಶ್ವವಾಯು ಆಗಿರುತ್ತದೆ.

ಅಂಕಿನೋಟ

ಸಿಸ್ಟರ್ ಹೇಳಿದ್ದಕ್ಕೆ ಆಧಾರವಾಗಿ ಒಂದೇ ಸಂಖ್ಯೆ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಟೈಪ್ 2 ಇದ್ದು ಕಿಡ್ನಿ ಸರಿಯಿದ್ದವರಲ್ಲಿ ಹತ್ತು ವರ್ಷದಲ್ಲಿ ತೀರಿಕೊಂಡವರು ಶೇ. 11.5. ಎರಡೂ ಇದ್ದವರಲ್ಲಿ ಶೇ. 31.1. ಸಕ್ಕರೆ ಕಾಯಿಲೆಯಲ್ಲಿ ಹೆಚ್ಚುವರಿ ಸಾವಿನ ಬಹುಪಾಲು ಹೊರೆ ಕಿಡ್ನಿ ಕೆಟ್ಟವರ ಗುಂಪಿನಲ್ಲೇ ತುಂಬಿದೆ. ಅಂದರೆ ಎಸಿಆರ್ ಹೇಳುವುದು ಕಿಡ್ನಿಯ ಕಥೆ ಮಾತ್ರವಲ್ಲ, ಮೈಯ ಎಲ್ಲ ಸಣ್ಣ ರಕ್ತನಾಳಗಳ ಕಥೆ.

ಹೊಂಗಿರಣ

ಎಲ್ಲವನ್ನೂ ಎರಡೆರಡು ಸಲ ಓದಿದೆ. ನಿನ್ನೆ ರಾತ್ರಿ ಅಮ್ಮನ ಪಕ್ಕ ಕೂತು "ನೂರಕ್ಕೆ ಆ ನಲವತ್ತು ಜನರಲ್ಲಿ ಒಬ್ಬರು" ಎಂಬ ಭಾಗ ಓದಿ ಹೇಳಿದೆ. "ಅಷ್ಟೊಂದು ಜನಕ್ಕಾ?" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಹಾಗಾದರೆ ಬೇರೆಯವರಿಗೂ ಹೇಳಬೇಕು" ಅಂದರು.

ನೋವಿನ ಮಾತ್ರೆಯ ಬಗ್ಗೆ ಕೇಳಿದೆ, ಸಿಸ್ಟರ್. ವಾರಕ್ಕೆ ನಾಲ್ಕೈದು ಸಲ ತೆಗೆದುಕೊಳ್ಳುತ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ.

ಡಾಕ್ಟರು ಟೆಲ್ಮಿಸಾರ್ಟನ್ ಶುರು ಮಾಡಿದ್ದಾರೆ. ಮುಂದೆ ಇನ್ನೊಂದು ಮಾತ್ರೆ ಸೇರಿಸಬಹುದು ಅಂದರು, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವಂಥದ್ದಂತೆ. ಅಮ್ಮನ ಬಿ.ಪಿ. ಅಷ್ಟೇನೂ ಹೆಚ್ಚಿಲ್ಲ, ಆದರೂ ಬಿ.ಪಿ. ಮಾತ್ರೆ ಯಾಕೆ?

ಹಸಿರು ಕೋಟು

ನಾನು ವೈದ್ಯ, ಕಿಡ್ನಿ ವಿಭಾಗದಲ್ಲಿ ಕೆಲಸ. ಅಮ್ಮನನ್ನು ನೋಡಿಲ್ಲದ ಕಾರಣ ಅವರಿಗೆ ಇದನ್ನೇ ಕೊಡಿ ಎಂದು ಹೇಳಲಾರೆ. ಮಾತ್ರೆ ಒಳಗೆ ಏನು ಮಾಡುತ್ತದೆ ಎಂಬುದನ್ನು ಹೇಳುತ್ತೇನೆ.

ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೋಸುಗಗಳಿವೆ. ಎರಡೂ ಸೇರಿ ದಿನಕ್ಕೆ 180 ಲೀಟರಿನಷ್ಟು ಸೋಸಿ, ಹೆಚ್ಚುಕಡಿಮೆ ಎಲ್ಲವನ್ನೂ ಒಳಗೆ ಹಿಂದಕ್ಕೆ ಎಳೆದುಕೊಳ್ಳುತ್ತವೆ. ಪ್ರತಿ ಸೋಸುಗಕ್ಕೂ ರಕ್ತ ಬರುವ ಒಂದು ನಾಳ, ಹೋಗುವ ಒಂದು ನಾಳ. ಶುಗರ್ ಹೆಚ್ಚಿದ್ದಾಗ ಬರುವ ನಾಳ ಅಗಲವಾಗುತ್ತದೆ, ಹೋಗುವ ನಾಳ ಬಿಗಿಯುತ್ತದೆ. ನಡುವೆ ಸಿಕ್ಕ ಸೋಸುಗದ ಮೇಲೆ ಒತ್ತಡ ಏರುತ್ತದೆ. ತೋಳಿನಲ್ಲಿ ಅಳೆಯುವ ಬಿ.ಪಿ.ಯಲ್ಲಿ ಈ ಒತ್ತಡ ಕಾಣುವುದಿಲ್ಲ. ಮೊದಮೊದಲು ಕಿಡ್ನಿ ಮಾಮೂಲಿಗಿಂತ ಹೆಚ್ಚೇ ಸೋಸುತ್ತದೆ, ಇಜಿಎಫ್‌ಆರ್ ಬಹಳ ಚೆನ್ನಾಗಿ ಬರುತ್ತದೆ. ಅದು ಆರೋಗ್ಯವಲ್ಲ, ಏದುಸಿರು. ವರ್ಷಗಳ ಮೇಲೆ ಜಾಲರಿ ಹಿಗ್ಗಿ ಆಲ್ಬುಮಿನ್ ನುಸುಳಲು ಶುರುವಾಗುತ್ತದೆ, ಕೊನೆಗೆ ಸೋಸುಗ ಗಟ್ಟಿಯಾಗಿ ಮುಚ್ಚಿಹೋಗುತ್ತದೆ.

ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆಗಳು ಹೋಗುವ ನಾಳವನ್ನು ಸಡಿಲಿಸುತ್ತವೆ. ಅಮ್ಮನಿಗೆ ಅದನ್ನು ಕೊಟ್ಟಿರುವುದು ಮುಖ್ಯವಾಗಿ ಈ ಕಾರಣಕ್ಕೆ. ಇದೇ ಗುಂಪಿನ ಲೊಸಾರ್ಟನ್, ಇರ್ಬೆಸಾರ್ಟನ್ ಟೈಪ್ 2 ಇರುವವರಲ್ಲಿ ಕಿಡ್ನಿ ಸೋಲುವುದನ್ನು ನಿಧಾನಿಸುತ್ತವೆ ಎಂದು 2001ರಲ್ಲೇ ಎರಡು ದೊಡ್ಡ ಪ್ರಯೋಗಗಳು ತೋರಿಸಿದವು. ಆಮೇಲೆ ಹದಿನೆಂಟು ವರ್ಷ ಹೊಸದೇನೂ ಕೈಗೆ ಬರಲಿಲ್ಲ. ಆ ವರ್ಷಗಳಲ್ಲಿ ಕೆಲಸ ಮಾಡಿದವನು ನಾನು, ರೋಗಿಗೆ ಹೇಳಲು ಹೊಸ ಮಾತೇ ಇರುತ್ತಿರಲಿಲ್ಲ. 2019ರಲ್ಲಿ ಕ್ರೆಡೆನ್ಸ್ ಪ್ರಯೋಗ ಬಂತು. ಕೆನಗ್ಲಿಫ್ಲೋಜಿನ್ ಎಂಬ ಮಾತ್ರೆ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಗುಂಪಿನದು. ಡಯಾಲಿಸಿಸ್, ಕ್ರಿಯಾಟಿನಿನ್ ಇಮ್ಮಡಿಯಾಗುವುದು, ಕಿಡ್ನಿ ಅಥವಾ ಹೃದಯದಿಂದ ಸಾವು, ಇವೆಲ್ಲ ಸೇರಿದ ಅಪಾಯ ಶೇ. 30ರಷ್ಟು ತಗ್ಗಿತು. ಅದೇ ಗುಂಪಿನ ಡಪಗ್ಲಿಫ್ಲೋಜಿನ್, ಎಂಪಗ್ಲಿಫ್ಲೋಜಿನ್‌ನಲ್ಲೂ ಲಾಭ ಕಂಡಿತು. ಇವು ಬರುವ ನಾಳವನ್ನು ಬಿಗಿಗೊಳಿಸುತ್ತವೆ. 2020ರಲ್ಲಿ ಫಿನೆರೆನೋನ್, 2024ರಲ್ಲಿ ವಾರಕ್ಕೊಮ್ಮೆ ಚುಚ್ಚುವ ಸೆಮಗ್ಲುಟೈಡ್. ಎರಡೂ ಕಿಡ್ನಿಯನ್ನು ಕಾಯುತ್ತವೆ ಎಂದು ಸಾಬೀತಾಯಿತು.

ಎರಡು ಎಚ್ಚರಿಕೆ. ಟೆಲ್ಮಿಸಾರ್ಟನ್ ಶುರುವಾದ ಎರಡರಿಂದ ನಾಲ್ಕು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಿ. ಇನ್ನು ಆ ಎರಡನೇ ಮಾತ್ರೆ ಶುರುವಾದರೆ, ವಾಂತಿ ಭೇದಿ ಆದಾಗ, ಊಟ ಸೇರದಿದ್ದಾಗ ಅದನ್ನು ನಿಲ್ಲಿಸಿ ಡಾಕ್ಟರಿಗೆ ತಿಳಿಸಬೇಕು. ಗುಪ್ತಾಂಗದಲ್ಲಿ ತುರಿಕೆ, ಫಂಗಸ್ ಆಗಬಹುದು. ನಾಚಿಕೆಯಿಂದ ಬಹಳ ಜನ ಹೇಳುವುದಿಲ್ಲ. ಅಮ್ಮನಿಗೆ ಮೊದಲೇ ತಿಳಿಸಿಡಿ.

ಎರಡನೇ ಮಗ

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ಸಕ್ಕರೆ ಕಾಯಿಲೆ ಇರುವವರ ಕಿಡ್ನಿ ಕೆಟ್ಟರೆ ಅದಕ್ಕೆ ಸಕ್ಕರೆಯೇ ಕಾರಣ ಎಂದು ಎಲ್ಲರೂ ಕಣ್ಣು ಮುಚ್ಚಿ ಹೇಳಿಬಿಡುತ್ತಾರೆ. ನಮ್ಮ ಅಪ್ಪನಿಗೂ ಹಾಗೇ ಹೇಳಿದ್ದರು. ಶುಗರ್ ಬಂದು ಬರೀ ಮೂರು ವರ್ಷ, ಕಣ್ಣಿನ ನರದ ಪರೀಕ್ಷೆಯಲ್ಲಿ ಏನೂ ಇರಲಿಲ್ಲ, ಆದರೆ ಮೂತ್ರದಲ್ಲಿ ರಕ್ತಕಣ ಇತ್ತು, ನಾಲ್ಕು ತಿಂಗಳಲ್ಲಿ ಇಜಿಎಫ್‌ಆರ್ 70ರಿಂದ 41ಕ್ಕೆ ಬಿತ್ತು. ಕೊನೆಗೆ ಒಬ್ಬರು ಡಾಕ್ಟರು ಇದು ಸಕ್ಕರೆಯ ನಡಿಗೆಯಲ್ಲ ಎಂದು ಬಯಾಪ್ಸಿ (ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವುದು) ಮಾಡಿಸಿದರು. ಐಜಿಎ ನೆಫ್ರೋಪತಿ, ರೋಗನಿರೋಧಕ ವ್ಯವಸ್ಥೆಯ ಎಡವಟ್ಟಿನಿಂದ ಬರುವ ಬೇರೆಯೇ ಕಿಡ್ನಿ ಕಾಯಿಲೆ. ಚಿಕಿತ್ಸೆಯೇ ಬೇರೆಯಾಯಿತು. ಈಗ 48ರಲ್ಲಿ ನಿಂತಿದ್ದಾರೆ.

ಹಸಿರು ಕೋಟು

ಬಹಳ ಮುಖ್ಯವಾದ ಮಾತು. "ಮಧುಮೇಹ ಇರುವವರಲ್ಲಿ ಕಿಡ್ನಿ ಕಾಯಿಲೆ" ಬೇರೆ, "ಮಧುಮೇಹದಿಂದ ಬಂದ ಕಿಡ್ನಿ ಕಾಯಿಲೆ" ಬೇರೆ. ಮೇಲಿನ ಅಂಕಿಗಳೆಲ್ಲ ಮೊದಲನೆಯದರವು. ಅದರೊಳಗೆ ಬಿ.ಪಿ., ವಯಸ್ಸು, ಬೇರೆ ಕಿಡ್ನಿ ರೋಗ ಎಲ್ಲ ಸೇರಿದೆ. 1936ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬ ಇಬ್ಬರು ವೈದ್ಯರು ಸಕ್ಕರೆ ಕಾಯಿಲೆಯವರ ಸೋಸುಗಗಳಲ್ಲಿ ವಿಶಿಷ್ಟವಾದ ಗಂಟುಗಳನ್ನು ಗುರುತಿಸಿ ವಿವರಿಸಿದರು. ಇವತ್ತಿಗೂ ಖಚಿತವಾಗಿ ಬೇರ್ಪಡಿಸಬೇಕೆಂದರೆ ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಎಲ್ಲರಿಗೂ ಬಯಾಪ್ಸಿ ಬೇಡ. ಮೂತ್ರದಲ್ಲಿ ರಕ್ತಕಣ, ದಿಢೀರ್ ಕುಸಿತ, ದಿಢೀರ್ ಎಂದು ಜೋರಾದ ಸೋರಿಕೆ, ಕಾಯಿಲೆ ಬಂದು ಸ್ವಲ್ಪವೇ ವರ್ಷ, ಕಣ್ಣು ಪೂರ್ತಿ ಸರಿ, ಇಂಥವು ಕಂಡರೆ ನಾವು ಬೇರೆ ದಿಕ್ಕಿನಲ್ಲಿ ಯೋಚಿಸುತ್ತೇವೆ.

ಹೊಂಗಿರಣ

ಮೂರು ವಾರವಾಯಿತು. ಇವತ್ತು ಕ್ರಿಯಾಟಿನಿನ್ 1.2, ಇಜಿಎಫ್‌ಆರ್ 50. ಪೊಟ್ಯಾಸಿಯಂ 4.6. ಮಾತ್ರೆ ಶುರು ಮಾಡಿದ ಮೇಲೆ 56ರಿಂದ 50ಕ್ಕೆ ಬಿದ್ದಿದೆ! ನಿಲ್ಲಿಸಬೇಕಾ? ಡಾಕ್ಟರ ಭೇಟಿ ನಾಳೆ, ನನಗೆ ಕೂರಲು ಆಗುತ್ತಿಲ್ಲ.

ಹಸಿರು ಕೋಟು

ನೀವಾಗಿ ನಿಲ್ಲಿಸಬೇಡಿ. ಒತ್ತಡ ಇಳಿಸಿದರೆ ಸೋಸುವ ವೇಗವೂ ಮೊದಲಿಗೆ ಸ್ವಲ್ಪ ಇಳಿಯುತ್ತದೆ. ಓಡುತ್ತಿದ್ದ ಕಿಡ್ನಿಯನ್ನು ನಡಿಗೆಗೆ ಇಳಿಸಿದ್ದೇವೆ ಅಂದುಕೊಳ್ಳಿ. ಕ್ರಿಯಾಟಿನಿನ್ ಶೇ. 30ರವರೆಗೆ ಏರಿದರೂ ಮಾತ್ರೆ ಮುಂದುವರಿಸುವುದೇ ಸಾಮಾನ್ಯ ಕ್ರಮ. ಇಲ್ಲಿ 1.1ರಿಂದ 1.2, ಅಂದರೆ ಶೇ. 9. ಪೊಟ್ಯಾಸಿಯಂ ಚೆನ್ನಾಗಿದೆ. ನಾಳೆ ನಿಮ್ಮ ಡಾಕ್ಟರನ್ನೂ ಇದನ್ನೇ ಕೇಳಿ. ಮುಂದೆ ಎರಡನೇ ಮಾತ್ರೆ ಶುರುವಾದಾಗ ಇಂಥದ್ದೇ ಸಣ್ಣ ಇಳಿತ ಮತ್ತೊಮ್ಮೆ ಕಾಣಬಹುದು, ಆಗ ಈ ಪುಟ ತೆಗೆದು ಓದಿ.

ಸಂಜೆ ನಡಿಗೆ

ನನ್ನ ಎಸಿಆರ್ ಬಂತು. 41. ಇನ್ನೆರಡು ಸಲ ನೋಡಬೇಕಂತೆ. ಆರು ವರ್ಷದಿಂದ ನಾನು ರಕ್ತದ ಅಂಕಿಯನ್ನೊಂದೇ ನೋಡಿಕೊಂಡು ವಾದ ಮಾಡುತ್ತಿದ್ದೆ. ಕೇಳಿದ್ದಕ್ಕೆ ಅಂಕಿನೋಟ ಅವರಿಗೆ ಕೃತಜ್ಞ.

ಹೊಂಗಿರಣ

ನಾಲ್ಕು ತಿಂಗಳ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಅಮ್ಮನ ಎರಡನೇ ಎಸಿಆರ್ 96, ಮೂರನೆಯದು 71. ಕಾಯಿಲೆ ಇದೆ ಎಂಬುದು ಖಚಿತವಾಯಿತು, ಅಂಕಿ ಇಳಿಮುಖವಾಗಿದೆ ಎಂಬುದೂ ಕಾಣುತ್ತಿದೆ. ಇಜಿಎಫ್‌ಆರ್ 51ರಲ್ಲಿ ನಿಂತಿದೆ. ನೋವಿನ ಮಾತ್ರೆ ಪೂರ್ತಿ ಬಿಟ್ಟಿದ್ದಾರೆ, ಉಪ್ಪು ತಗ್ಗಿಸಿದ್ದಾರೆ. ಎರಡನೇ ಮಾತ್ರೆ ಹೋದ ವಾರ ಶುರುವಾಯಿತು.

ನನ್ನ ಅಣ್ಣನಿಗೆ ಹೋದ ತಿಂಗಳು ಶುಗರ್ ಪತ್ತೆಯಾಯಿತು. ವಯಸ್ಸು 41. ಪತ್ತೆಯಾದ ವಾರವೇ ಅಮ್ಮ ಅವನನ್ನು ಹಿಡಿದು ಕೂರಿಸಿ, "ರಕ್ತ ಆಯ್ತು, ಮೂತ್ರದ ಎಸಿಆರ್ ಬರೆಸಿಕೋ, ಅವರಾಗಿ ಬರೆಯದಿದ್ದರೆ ಕೇಳಿ ಬರೆಸಿಕೋ" ಎಂದು ಕಳಿಸಿದರು. ಇವತ್ತು ರಿಪೋರ್ಟ್ ಬಂತು. ಇಜಿಎಫ್‌ಆರ್ 98, ಎಸಿಆರ್ 9.

ಡಬ್ಬಿ ಲೇಬಲ್

9 ಅಂದರೆ ಸರಿಯಾಗಿಯೇ ಇದೆ, ಮೇಡಂ. ಆ ಕಾಗದವನ್ನು ಜೋಪಾನವಾಗಿ ಇಡಲಿ, ಮುಂದಿನ ವರ್ಷ ಇದೇ ತಿಂಗಳು ಬೆಳಗಿನ ಮೊದಲ ಮೂತ್ರದಲ್ಲಿ ಮತ್ತೆ ಕೊಡಲಿ.